ಸಾ ಮುಟ್ಟದ ಹಾಡು

ಸಿಸ್ಟರ್ ತೀರಿಕೊಂಡದ್ದು ಮಟಮಟ ಮಧ್ಯಾಹ್ನ. ಊಟ ಮಾಡಿ, ತಾಟು ತೊಳೆದು ಬೋರಲು ಹಾಕಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದರು, ಅಷ್ಟೇ. ಕೊನೆಯ ವರ್ಷಗಳನ್ನೆಲ್ಲ ರಾತ್ರಿಗೆ ಹೆದರುತ್ತ ಕಳೆದ ಹೆಂಗಸು, ಹೋಗುವಾಗ ಬಿಸಿಲು ಕಣ್ಣು ಕುಕ್ಕುವ ಹೊತ್ತನ್ನೇ ಆರಿಸಿಕೊಂಡರಲ್ಲ ಎಂದು ನನಗೆ ಅಳುವಿನ ನಡುವೆಯೇ ನಗು ಬಂತು. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರು ಮೊಣಕೈಯಿಂದ ತಿವಿದರು. ತಿವಿದರೂ ನಗು ನಿಲ್ಲಲಿಲ್ಲ, ಅಳುವೂ ನಿಲ್ಲಲಿಲ್ಲ.

ಅವರಿಗೆ ಒಳ್ಳೆಯದೊಂದು ಹೆಸರಿತ್ತು. ಓಣಿಯಲ್ಲಿ ಯಾರೂ ಅದನ್ನು ಬಳಸಲಿಲ್ಲ, ನಾನೂ ಇಲ್ಲಿ ಬಳಸುವುದಿಲ್ಲ. ದೇಶಪಾಂಡೆ ನಗರದ ಹಿಂದಿನ ನಮ್ಮ ಓಣಿಗೆಲ್ಲ ಅವರು ಸಿಸ್ಟರ್. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಹಾಗಾಗಿ ಓಣಿಗೆ ಹೊಸದಾಗಿ ಬಂದವರು ಅವರನ್ನು ಕನ್ಯಾಸ್ತ್ರೀ ಎಂದುಕೊಂಡು ಎದುರಿಗೆ ಸಿಕ್ಕಾಗ ಮಾತು ತಗ್ಗಿಸುತ್ತಿದ್ದರು. ಅವರಿಗೆ ಅದು ಮೋಜು. ತಿದ್ದುತ್ತಿರಲಿಲ್ಲ. "ಇರ್ಲಿ ಬಿಡ್ರಿ, ನಾಕು ದಿನ ಮರ್ಯಾದಿ ಕೊಡ್ಲಿ" ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೂ ಸೆರಗಿಗೆ ತಲೆಕೆಳಗಾದ ಪುಟ್ಟ ಗಡಿಯಾರವನ್ನು ಪಿನ್ನು ಹಾಕಿ ತೂಗಿಸಿಕೊಂಡಿರುತ್ತಿದ್ದರು. ಮಾತಾಡುತ್ತ ಮಾತಾಡುತ್ತ ನಮ್ಮ ಕೈ ಹಿಡಿಯುತ್ತಿದ್ದರು. ಎಷ್ಟು ಪ್ರೀತಿ ಇವರಿಗೆ ಎಂದು ನಾವು ಕರಗುವಷ್ಟರಲ್ಲಿ ಅವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು, ನಾಡಿ ನೋಡುತ್ತಿರುತ್ತಿದ್ದರು. ಒಮ್ಮೆ ನನ್ನ ನಾದಿನಿಯ ಮೇಲಿನ ದೂರನ್ನೆಲ್ಲ ಅವರ ಮುಂದೆ ಹೇಳಿ ಮುಗಿಸಿದೆ.

"ಸ್ವಲ್ಪ ಜೋರೈತ್ರಿ" ಎಂದರು.

"ಯಾವುದ್ರಿ, ನಾದಿನಿ ಬಾಯೇನ್ರಿ?"

"ಅಲ್ರಿ, ನಿಮ್ಮ ನಾಡಿ."

ಇನ್ನು ನನ್ನ ವಿಷಯ. ನಾನು ಅಮ್ಮಿನಬಾವಿಯವಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ನಮ್ಮಪ್ಪ ಹೊಲದ ಕೆಲಸ ಮುಗಿಸಿ, ಧೋತರ ಝಾಡಿಸಿಕೊಂಡು, ಧಾರವಾಡಕ್ಕೆ ನಡೆದು ಹೋಗಿ ಬೆಳತನಕ ಗಾಯನ ಕೇಳಿ ಬರುತ್ತಿದ್ದ ಮನುಷ್ಯ. ಆ ಸೀಮೆಯ ಗಾಳಿ ಕುಡಿದವರಿಗೆಲ್ಲ ಒಂದು ರೋಗ ಅಂಟಿರುತ್ತದೆ. ತಮಗೆ ಹಾಡಲು ಬರಲಿ ಬಿಡಲಿ, ಇನ್ನೊಬ್ಬರ ಸುರ ತಿದ್ದದೆ ಇರಲಾಗುವುದಿಲ್ಲ. ಎದುರಿಗಿದ್ದವರು ಒಂದು ಎಳೆ ತಪ್ಪಿದರೆ ನಮಗೆ ಊಟದಲ್ಲಿ ಹರಳು ಸಿಕ್ಕಂತಾಗುತ್ತದೆ. ನನ್ನ ರೋಗ ಮಾಮೂಲಿಗಿಂತ ಜಾಸ್ತಿ, ಯಾಕೆಂದರೆ ಅದಕ್ಕೆ ಸರಕಾರ ಸಂಬಳವನ್ನೂ ಕೊಟ್ಟಿತ್ತು.

ನಾವು ಆ ಓಣಿಯ ಜೋಡಿಮನೆಗೆ ಬಂದಾಗ ಪಕ್ಕದ ಅರ್ಧದಲ್ಲಿ ಸಿಸ್ಟರ್ ಒಬ್ಬರೇ ಇದ್ದರು. ಅವರ ಅಕ್ಕ, ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಿದ್ದವರು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರಂತೆ. ಎರಡು ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಮೊದಲ ವಾರದಲ್ಲೇ ನನಗೆ ಕಾಟ ಶುರುವಾಯಿತು. ಮಲಗುವ ಹೊತ್ತಿಗೆ ಗೋಡೆಯಾಚೆ ಮೊದಲು ಸಣ್ಣಗೆ ಗುಣುಗುಣು ಮಾತು, ಆಮೇಲೆ ಒಂದು ಹಾಡು. ದನಿಗೆ ಏನೂ ಹೆಸರಿಡುವಂತಿರಲಿಲ್ಲ. ವಯಸ್ಸಾದರೂ ನಡುಕವಿಲ್ಲದ, ತೂಕದ ದನಿ. ಆದರೆ ಹಾಡು? ಏರಬೇಕಾದಲ್ಲಿ ಏರದು, ಇಳಿಯಬೇಕಾದಲ್ಲಿ ಇಳಿಯದು. ಒಂದೇ ಸ್ವರದ ಮೇಲೆ ಎಮ್ಮೆ ಕೆರೆಯಲ್ಲಿ ಕೂತಂತೆ ಕೂತುಬಿಡುವುದು. ಎಲ್ಲಕ್ಕಿಂತ ಕೆಟ್ಟದ್ದು ಕೊನೆ. ಯಾವ ಹಾಡಾದರೂ ತಿರುಗಾಡಿ ಬಂದು ಷಡ್ಜಕ್ಕೆ, ಸಾ ಎಂಬ ಮನೆಗೆ ಸೇರಬೇಕು. ಇದು ಅಂಗಳದವರೆಗೆ ಬಂದು ಗಾಂಧಾರದಲ್ಲೇ ನಿಂತುಬಿಡುತ್ತಿತ್ತು. ಅವರು ಹಾಡಿ ಮಲಗುತ್ತಿದ್ದರು. ನಾನು ಇತ್ತ ಆ ಸಾ ಈಗ ಬಂದೀತು, ಇನ್ನು ಬಂದೀತು ಎಂದು ಕಾಯುತ್ತ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ. ಕಡೆಗೆ ತಡೆಯಲಾರದೆ ನಾನೇ ಹೊದಿಕೆಯೊಳಗೆ ಸಣ್ಣಗೆ ಸಾ ಹಚ್ಚಿ, ಹಾಡನ್ನು ಮನೆಗೆ ಸೇರಿಸಿ ಮಲಗುತ್ತಿದ್ದೆ.

ಅಷ್ಟರಲ್ಲಿ ನಮ್ಮ ಮನೆಯವರಿಗೂ ಅದು ತಗುಲಿತು. ಹತ್ತಿ ದಲಾಲಿ ಅಂಗಡಿಯಲ್ಲಿ ಜೀವ ಸವೆಸಿದ ಮನುಷ್ಯ, ನನ್ನ ಜೊತೆ ಇಷ್ಟು ವರ್ಷ ಬಾಳಿಯೂ ಒಂದು ಸರಿಗಮ ಕಲಿಯದವರು, ಬೆಳಿಗ್ಗೆ ಗಡ್ಡ ಕೆರೆಯುತ್ತ ಅದೇ ದಾರಿ ತಪ್ಪಿದ ಹಾಡನ್ನು ಗುನುಗತೊಡಗಿದರು. ಇನ್ನು ಸುಮ್ಮನಿದ್ದರೆ ಮನೆತನವೇ ಹಾಳಾಗುತ್ತದೆ ಎಂದು ಒಂದು ಬಟ್ಟಲು ಶೇಂಗಾ ಚಟ್ನಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ತಿದ್ದಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು.

"ಸಿಸ್ಟರ್, ನಿಮ್ಮ ದನಿ ಭಾಳ ಛಲೋ ಐತ್ರಿ. ಆದ್ರ ಹಾಡು ದಾರಿ ತಪ್ಪೈತಿ. ಕಡೀಕ ಸಾಕ್ಕ ಬರಬೇಕ್ರಿ. ನೀವು ಗಾಂಧಾರದಾಗ ನಿಂತುಬಿಡ್ತೀರಿ."

"ಹೌದೇನ್ರಿ?"

"ಹೌದ್ರಿ. ಹಿಂಗ ನೋಡ್ರಿ" ಎಂದು ಕೊನೆಯ ಸಾಲನ್ನು ತಿದ್ದಿ ಹಾಡಿ ತೋರಿಸಿದೆ.

ತಲೆ ವಾರೆ ಮಾಡಿ ಕೇಳಿದರು. "ಛಲೋ ಐತ್ರಿ ಟೀಚರ್. ಆದ್ರ ಅದು ನನ್ನ ಪಾಲಿಂದಲ್ಲ. ನಂದು ನಾ ಹಾಡಿದಂಗ ಐತಿ. ತ್ರಾಸ ಆದ್ರ ಕಿವಿಗಿ ಅರಳಿ ಇಟ್ಕೋರಿ. ಸಾವ್ಕಾರ್ರು ಇರೂ ಮನ್ಯಾಗ ಅರಳಿಗೇನು ಕಡಿಮಿ?"

ಅರಳಿ ಎಂದರೆ ಹತ್ತಿ, ಸಾವ್ಕಾರರು ಎಂದರೆ ನಮ್ಮ ಮನೆಯವರು. ದಲಾಲಿ ಅಂಗಡಿಯ ಲೆಕ್ಕದವರನ್ನು ಅವರು ಮೊದಲ ದಿನವೇ ಸಾವ್ಕಾರರನ್ನಾಗಿ ಮಾಡಿಬಿಟ್ಟಿದ್ದರು. ಚಟ್ನಿ ಇಟ್ಟುಕೊಂಡು ಬಟ್ಟಲು ತೊಳೆದು ಕೊಟ್ಟರು. ನಾನು ಅವಮಾನದಿಂದ ಮನೆಗೆ ಬಂದು, ಈ ಹೆಂಗಸಿಗೆ ಕಿವಿಯೇ ಇಲ್ಲ ಎಂದು ತೀರ್ಪು ಕೊಟ್ಟೆ.

ಹಾಡಿನ ಮುಂಚಿನ ಆ ಗುಣುಗುಣು ಏನೆಂಬುದು ತಿಳಿದದ್ದು ಅವರೇ ಬಾಯಿಬಿಟ್ಟಾಗ. ಒಂದು ಮುಂಜಾನೆ ಕಂಪೌಂಡಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಸಿಸ್ಟರ್ ಬಂದು ಸಹಜವಾಗಿ, "ನಿಮ್ಮ ಸಿಟ್ಟು ಈಗ ಹ್ಯಾಂಗೈತ್ರಿ?" ಎಂದರು.

"ಯಾವ ಸಿಟ್ಟ್ರಿ?"

"ನಾದಿನಿ ಮ್ಯಾಲಿಂದು. ಮೊನ್ನೆ ಒಪ್ಪಿಸಿದ್ದೆ, ಅದಕ್ಕ ಕೇಳಿದೆ."

ನನ್ನ ಸಿಟ್ಟನ್ನು ಇವರು ಯಾರಿಗೆ ಒಪ್ಪಿಸಿದರು? ಕೂಡಿಸಿಕೊಂಡು ಕೇಳಿದಾಗ ವಿಷಯ ಹೊರಬಂತು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಹೋಗುವ ನರ್ಸು, ಬರುವ ನರ್ಸು ಇಬ್ಬರೂ ಕೂಡಿ ಒಂದೊಂದೇ ಮಂಚದ ಹತ್ತಿರ ನಿಲ್ಲುತ್ತಾರಂತೆ. ಇವರಿಗೆ ಜ್ವರ, ಇವರಿಗೆ ಸಲೈನು, ಈಕೆ ಊಟ ಬಿಟ್ಟಿದ್ದಾಳೆ ನೋಡಿಕೋ ಎಂದು ಒಪ್ಪಿಸುತ್ತಾರಂತೆ. ಎಲ್ಲ ಮಂಚ ಮುಗಿದ ಮೇಲೆ ಬಂದವಳು 'ಆತು, ನೀ ಹೋಗು' ಅನ್ನಬೇಕು. ಅಂದ ಮೇಲೆ ಯಾವ ಮಂಚವೂ ನಿಮ್ಮದಲ್ಲ.

"ಹಂಗ ನಮ್ಮ ಓಣೀನ ಒಂದು ವಾರ್ಡ್ ಅಂತ ಹಿಡದೇನಿ ಟೀಚರ್" ಎಂದರು ಸಿಸ್ಟರ್. "ಮೂಲಿ ಮನಿಯಿಂದ ಶುರು. ಗ್ಯಾರೇಜಿನ ಸಾಬರ ತಾಯಿ ಮೊಣಕಾಲು, ಎದುರು ಮನಿ ಕೂಸಿನ ಕೆಮ್ಮು, ಸಾವ್ಕಾರ್ರ ಬಿಪಿ, ನಿಮ್ಮ ಸಿಟ್ಟು. ಎಲ್ಲಾ ಒಪ್ಪಿಸಿ, ರಾತ್ರಿ ಪಾಳಿ ನಿಂದಪ್ಪಾ ಯೇಸುಸ್ವಾಮಿ ಅಂತೇನಿ. ಅವಗ ಹೆಂಗೂ ನಿದ್ದಿ ಇಲ್ಲ. ಇಬ್ರೂ ಎಚ್ಚರ ಇದ್ದು ಏನ್ಮಾಡೂದೈತಿ?"

ನನ್ನ ಸಿಟ್ಟು ಇಡೀ ಓಣಿಯ ರೋಗಗಳ ಜೊತೆ ಸಾಲಿನಲ್ಲಿ ನಿಂತದ್ದು ನನಗೆ ಅಷ್ಟು ಹಿಡಿಸಲಿಲ್ಲ. ಆದರೂ ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಆಗ ಅವರು ನನ್ನ ಕೈ ಬಿಟ್ಟು ತಮ್ಮ ಕೈಯನ್ನೇ ಹಿಡಿದುಕೊಂಡರು.

"ಅಂಜಿಕಿ ಬರ್ತೈತ್ರಿ. ಲೈಟ್ ಆರಿಸಿದ ಕೂಡ್ಲೆ ಎದಿ ಢವಢವ ಅಂತೈತಿ. ಯಾವುದೋ ಮಂಚದ ಸಲೈನ್ ಮುಗದೈತಿ, ನಾ ನೋಡಿಲ್ಲ ಅನಸ್ತೈತಿ. ರಿಟೈರ್ ಆಗಿ ಎಷ್ಟು ವರ್ಷ ಆತು. ಆ ಮಂಚದಾಕಿ ಮನೀಗಿ ಹೋಗಿ ಮೊಮ್ಮಕ್ಕಳನ್ನ ಕಂಡಿರ್ಬೇಕು. ಅದು ನನಗ ತಿಳೀತೈತಿ, ಎದಿಗೆ ಯಾರು ಹೇಳ್ಬೇಕು? ಅಕ್ಕ ಇದ್ದಾಗ ಇಷ್ಟು ಇದ್ದಿದ್ದಿಲ್ಲ. ಈಗ ಒಪ್ಪಿಸಿ, ಹಾಡು ಹಾಡಿದ್ರ ಇಳೀತೈತಿ. 'ಆತು, ನೀ ಹೋಗು' ಅಂತ ಆ ಕಡಿಂದ ಅಂದಂಗ ಆಗ್ತೈತಿ. ಆಮ್ಯಾಲ ಮಲಗ್ತೇನಿ."

ಎಷ್ಟೋ ಜನರ ಕೊನೆಯ ರಾತ್ರಿಗಳನ್ನು ಕುಳಿತು ಕಾಯ್ದ ಹೆಂಗಸಿಗೆ ತನ್ನ ಮಾಮೂಲಿ ರಾತ್ರಿ ಕಳೆಯುವುದು ಇಷ್ಟು ಕಷ್ಟವೇ ಎಂದುಕೊಂಡೆ. ಹಾಗೆಂದು ಆ ಗಾಂಧಾರವನ್ನು ಕ್ಷಮಿಸಿದೆ ಎಂದಲ್ಲ.

ಅವರ ಭಯ ಚರ್ಚಿನಲ್ಲಿ ಗುಟ್ಟಾಗಿರಲಿಲ್ಲ. ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಪಾಸ್ಟರು ಮನೆಗೆ ಬಂದು, ಚಹಾ ಕುಡಿದು, ಪುಸ್ತಕದ ಕನ್ನಡದಲ್ಲಿ, "ವಿಶ್ವಾಸವಿರುವಲ್ಲಿ ಭಯಕ್ಕೆ ಜಾಗವಿಲ್ಲ ಸಿಸ್ಟರ್" ಎಂದರು. ನಾನೂ ಅಲ್ಲೇ ಕೂತಿದ್ದೆ.

"ಜಾಗ ಐತ್ರಿ ಪಾಸ್ಟರ್" ಎಂದರು ಇವರು. "ನಮ್ಮದು ದೊಡ್ಡ ಮಂಚ. ಅಕ್ಕ ಹೋದ ಮ್ಯಾಲ ಅರ್ಧ ಖಾಲಿ ಐತಿ. ಅಂಜಿಕಿ ಬಂದ್ರ ಆ ಕಡಿ ಮಗ್ಗಲಾಗ ಬಿದ್ಕೋ ಅಂತೇನಿ. ವಿಶ್ವಾಸ ಇಲ್ಲದಿದ್ರ ಲೈಟ್ ಯಾಕ ಆರಸ್ತಿದ್ದೆ?"

ಪಾಸ್ಟರು ಒಳ್ಳೆಯ ಮನುಷ್ಯ. ಇನ್ನೊಂದು ಕಪ್ಪು ಚಹಾ ಕೇಳಿ, ಮಾತು ಬದಲಿಸಿದರು.

ಆ ವರ್ಷದ ಕ್ರಿಸ್ಮಸ್ಸಿಗೆ ಸಿಸ್ಟರ್ ನಮ್ಮಿಬ್ಬರನ್ನೂ ಚರ್ಚಿನ ಗಾಯನಕ್ಕೆ ಕರೆದರು. ಅವರ ಮನೆಯ ಕರಜೀಕಾಯಿ ತಿಂದ ಋಣಕ್ಕೆ ಹೋದೆವು. ಸುಣ್ಣ ಹೊಡೆದ ಎತ್ತರದ ಗೋಡೆ, ಬಣ್ಣದ ಕಾಗದದ ಸರ, ಮುಂದೆ ನಾಲ್ಕು ಸಾಲಿನಲ್ಲಿ ನಿಂತ ಹಾಡುವವರು. ಸಿಸ್ಟರ್ ಎರಡನೆಯ ಸಾಲಿನಲ್ಲಿ, ಎದೆಯ ಮೇಲೆ ಗಡಿಯಾರ ಸಮೇತ. ಹಬ್ಬದ ಹಾಡುಗಳೆಲ್ಲ ಮುಗಿದು, ಕೊನೆಗೆ ದಿನ ಮುಗಿಯಿತು, ಉಳಿದದ್ದು ನೀನೇ ನೋಡಿಕೋ ಎಂಬ ಅರ್ಥದ ಸಂಜೆಯ ಗೀತೆಯೊಂದನ್ನು ಎತ್ತಿಕೊಂಡರು. ಮಾತು ಕೇಳಿದ ಕೂಡಲೇ ಗೊತ್ತಾಯಿತು. ಇದು ನಮ್ಮ ಗೋಡೆಯಾಚೆಯದೇ ಹಾಡು.

ಆದರೆ ಮೊದಲ ಸಾಲಿನ ಹೆಂಗಸರು ಬೇರೆಯೇ ಏನೋ ಹಾಡುತ್ತಿದ್ದರು. ಏರುವಲ್ಲಿ ಏರಿ, ಇಳಿಯುವಲ್ಲಿ ಇಳಿದು, ಕಿವಿ ಒಪ್ಪುವಂಥ ನೆಟ್ಟಗಿನ ಹಾಡು. ಅದರ ಕೆಳಗೆ, ಕೂತಲ್ಲೇ ಕೂತು, ಅದನ್ನು ಹೊತ್ತುಕೊಂಡಂತೆ ಸಿಸ್ಟರ ಸಾಲು. ಗಂಡಸರದು ಇನ್ನೂ ಕೆಳಗೆ. ನಾಲ್ಕು ದಾರಿ, ಒಂದೇ ಹಾಡು. ಕೊನೆಯಲ್ಲಿ ಮುಂದಿನ ಸಾಲು ಸಾ ಮುಟ್ಟಿತು. ಎಮ್ಮೆ ಎಂದು ನಾನು ಬೈದಿದ್ದ ಆ ಗಾಂಧಾರ ಅದರ ಮಗ್ಗುಲಿಗೆ ಬಂದು ಕೂತಿತು. ನನ್ನ ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅದು ಭಕ್ತಿಯೋ ಸಂಗೀತವೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಮ್ಮ ಮನೆಯವರು ಬಗ್ಗಿ, "ನೋಡು, ನಾ ಕರೆಕ್ಟ್ ಹಾಡಾಕತ್ತಿದ್ದೆ" ಎಂದರು.

ಹೊರಗೆ ಬಂದ ಮೇಲೆ ಸಿಸ್ಟರ್ ಕೇಕು ಕೊಡುತ್ತ ವಿವರಿಸಿದರು. ಅವರದು ಆಲ್ಟೋ, ಎಂದರೆ ಹೆಂಗಸರ ಕೆಳಗಿನ ದನಿ. ಅಕ್ಕನದು ಸೊಪ್ರಾನೊ, ಮೇಲಿನದು. ಹುಡುಗಿಯರಾಗಿದ್ದಾಗಿನಿಂದ ಮಲಗುವ ಮುಂಚೆ ಇಬ್ಬರೂ ಕೂಡಿ ಇದೊಂದನ್ನು ಹಾಡುತ್ತಿದ್ದರಂತೆ. ಅಕ್ಕ ಹೋದರೂ ಅವರು ಅಕ್ಕನ ಪಾಲನ್ನು ಎತ್ತಿಕೊಳ್ಳಲಿಲ್ಲ.

"ಮೊದ್ಲ ಯಾಕ ಹೇಳ್ಲಿಲ್ರಿ? ನಾ ಚಟ್ನಿ ಹೊತಗೊಂಡು ಬಂದು ತಿದ್ದಿದೆ."

"ಸಂಗೀತದ ಟೀಚರ್ ಅದೀರಿ. ನಿಮಗ ಆಲ್ಟೋ ಅಂದ್ರ ಏನಂತ ನಾ ಹೆಂಗ ಹೇಳ್ಳಿ? ಚಟ್ನಿನೂ ಛಲೋ ಇತ್ತು."

ನನ್ನ ಜಂಬಕ್ಕೆ ಬಿದ್ದ ಪೆಟ್ಟನ್ನು ಕೇಕಿನ ಜೊತೆ ನುಂಗಿದೆ. ಆ ರಾತ್ರಿಯಿಂದ ಗೋಡೆಯಾಚೆಯ ಹಾಡಿಗೆ ಸಾ ಹಚ್ಚುವುದನ್ನು ಬಿಟ್ಟೆ. ಅದು ಒಬ್ಬರ ಜಾಗ ಎಂದು ತಿಳಿದ ಮೇಲೆ ನಾನು ಹೋಗಿ ಕೂರುವುದು ಸರಿಯೆನಿಸಲಿಲ್ಲ.

ಕಷ್ಟ ಬಂದದ್ದು ಆಮೇಲೆ, ಒಂದು ಬೇಸಿಗೆಯಲ್ಲಿ. ಹಾಡು ನಡುವೆ ಮುರಿಯತೊಡಗಿತು. ಮೂರನೆಯ ಸಾಲಿಗೆ ಬಂದು ನಿಲ್ಲುವುದು, ಮತ್ತೆ ಮೊದಲಿನಿಂದ ಶುರು, ಮತ್ತೆ ಅಲ್ಲೇ ನಿಲ್ಲುವುದು. ಕೆಲವು ದಿನ ಹಾಡು ಮುಗಿಯುತ್ತಲೇ ಇರಲಿಲ್ಲ, ಬಾಗಿಲ ಸಂದಿನಲ್ಲಿ ಬೆಳಕು ಕಾಣುತ್ತಲೇ ಇರುತ್ತಿತ್ತು. ಸಿಸ್ಟರ ಕಣ್ಣು ಊದಿಕೊಂಡವು. ಹಗಲು ಕುರ್ಚಿಯಲ್ಲಿ ತೂಕಡಿಸಿ ಮುಂದಕ್ಕೆ ವಾಲುತ್ತಿದ್ದರು. ಒಮ್ಮೆ ಚಹಾಕ್ಕೆ ಉಪ್ಪು ಹಾಕಿ ಕೊಟ್ಟರು. ಸಾವ್ಕಾರರು ಮರ್ಯಾದೆಗೆ ಕುಡಿದರು, ನಾನು ಕುಡಿಯಲಿಲ್ಲ.

"ಏನಾಗೈತಿ ಹೇಳ್ರಿ" ಎಂದು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಗ ಕೇಳಿದೆ.

ಕೈಯಲ್ಲಿದ್ದ ಹಣ್ಣಿನ ನಾರು ಎಳೆದು ತೆಗೆದರು. "ಅಕ್ಕನ ದನಿ ಮರ್ತು ಹೋಗಾಕತ್ತೈತ್ರಿ" ಎಂದರು. "ಮೊದ್ಲ ನಾ ನಂದು ಹಾಡಿದ್ರ ಮ್ಯಾಲ ಆಕೀದು ತಾನಾ ಕೇಳ್ತಿತ್ತು. ಈಗ ಮೂರನೇ ಸಾಲಿನ್ಯಾಗ ಆಕಿ ಇಲ್ಲ. ಆಸರ ತಪ್ಪಿದ್ರ ಆಲ್ಟೋದಾಕಿ ಎಲ್ಲಿ ಕಾಲು ಇಡ್ಬೇಕ್ರಿ? ಅಲ್ಲೇ ನಿಂದರ್ತೇನಿ. ಅಷ್ಟರಾಗ ಅಂಜಿಕಿ ಒಳಗ ಬಂದು ಕುಂತಿರ್ತೈತಿ."

"ಡಾಕ್ಟರ್ ಗುಳಿಗಿ ಕೊಟ್ಟಾರಲ್ರಿ?"

"ಕೊಟ್ಟಾರ. ನಾ ಎಷ್ಟೋ ಮಂದಿಗಿ ಕೊಟ್ಟೇನಿ, ಛಲೋ ಔಷಧ. ಬ್ಯಾಡ ಅನ್ನಂಗಿಲ್ಲ. ತಗೊಂಡ್ರ ನಿದ್ದಿನೂ ಬರ್ತೈತಿ. ಆದ್ರ ಡ್ಯೂಟಿ ಒಪ್ಪಸದ ಓಡಿ ಬಂದಂಗ ಅನಸ್ತೈತಿ." ಆಮೇಲೆ ತಲೆ ಎತ್ತದೆ, "ನಿಮಗ ಆ ಮ್ಯಾಲಿಂದು ಕಲಿಯಾಕ ಆಗ್ತೈತೇನ್ರಿ?" ಎಂದರು.

ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ದಿನವೂ ಪೂಜೆ ಮಾಡಿಕೊಳ್ಳದೆ ನೀರು ಮುಟ್ಟದವಳು. ಒಂದು ಗಳಿಗೆ ತಡೆದೆ. ಅವರಿಗೆ ತಿಳಿಯಿತು.

"ಹಾಡಿದ್ರ ಕ್ರಿಶ್ಚಿಯನ್ ಆಗಿಬಿಡ್ತೇನಿ ಅಂತ ಅಂಜಬ್ಯಾಡ್ರಿ. ಅಷ್ಟು ಸರಳ ಇದ್ದಿದ್ರ ನಾ ಯಾವಾಗೋ ಆಗಿರ್ತಿದ್ದೆ."

ಪಾಠ ಮರುದಿನ ಬೆಳಿಗ್ಗೆಯೇ ಶುರುವಾಯಿತು, ಅವರ ಅಡುಗೆಮನೆಯಲ್ಲಿ. ಜನ್ಮವಿಡೀ ಕಲಿಸಿದವಳು ನಾನು, ಇಂಥ ದಡ್ಡ ವಿದ್ಯಾರ್ಥಿನಿಯನ್ನು ನೋಡಿರಲಿಲ್ಲ. ಹಾಡೇನೋ ಒಂದೇ ಸಲಕ್ಕೆ ಬಂತು. ಆದರೆ ನನ್ನ ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಸುಮ್ಮನೆ ಹೋಗಲು ಒಲ್ಲದು. ಜಾರಬೇಕು, ತೂಗಬೇಕು, ನಡುವೆ ಒಂದು ಸುತ್ತು ಹಾಕಬೇಕು. ಸಿಸ್ಟರ್ ಸೌಟಿನಿಂದ ಡಬ್ಬಿ ಬಡಿಯುತ್ತಿದ್ದರು.

"ಎಳೀಬ್ಯಾಡ್ರಿ ಟೀಚರ್. ಮಂಚದಿಂದ ಮಂಚಕ್ಕ ನೆಟ್ಟಗ ಹೋಗ್ರಿ. ನಡುವ ಯಾಕ ತಿರಗ್ತೀರಿ?"

"ಅಲ್ಲೊಂದು ಸಣ್ಣ ಹರಕತ್ ಹಾಕಿದ್ರ ಎಷ್ಟು ಛಂದ ಆಗ್ತೈತಿ ನೋಡ್ರಿ."

"ಛಂದ ಆಗ್ತೈತಿ. ಆದ್ರ ನನಗ ನಿದ್ದಿ ಬರೂದಿಲ್ಲ, ಎದ್ದು ಕುಂತು ವಾಹ್ ಅನಬೇಕಾಗ್ತೈತಿ."

ಸ್ವರ ಸುತ್ತಿಸುವ ಆ ಹರಕತ್ತು ಬಿಡಿಸಿದ್ದಾಯಿತು. ಅಸಲಿ ಪರೀಕ್ಷೆ ಅವರು ಕೆಳಗಿನದನ್ನು ಹಾಡಲು ಸೇರಿಕೊಂಡಾಗ. ನಮ್ಮ ಸಂಗೀತದಲ್ಲಿ ಜೊತೆಗೆ ಹಾಡುವವರು ನಮ್ಮ ಸ್ವರವನ್ನೇ ಹಿಡಿಯುತ್ತಾರೆ. ಎದುರಿಗಿದ್ದವರು ಬೇರೆ ಸ್ವರ ಹಿಡಿದರೆ ನನ್ನ ಕಿವಿ ತಾನಾಗಿ ಅತ್ತ ವಾಲುತ್ತಿತ್ತು. ಎರಡು ಸಾಲು ದಾಟುವಷ್ಟರಲ್ಲಿ ನಾನೂ ಆಲ್ಟೋ ಹಾಡುತ್ತಿರುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿತು, ನಾವಿಬ್ಬರೂ ಕೆಳಗೇ ಇದ್ದೆವು. ಕಡೆಗೆ ಸಿಸ್ಟರೇ ಉಪಾಯ ಹೇಳಿದರು. "ನನ್ನ ಕೇಳಬ್ಯಾಡ್ರಿ. ನಾ ಇದ್ದೇನಿ ಅಂತಷ್ಟ ತಿಳ್ಕೋರಿ. ಕೇಳಾಕ ಹೋದ್ರ ಬೀಳ್ತೀರಿ." ಹೀಗೆ ಹಾಡಿದಾಗ ನನ್ನ ಸ್ವರದಲ್ಲೇ ನಿಂತೆ. ಯಾರ ಜೊತೆಗಾದರೂ ಬಾಳಲು ಇದು ಒಳ್ಳೆಯ ಬುದ್ಧಿಮಾತೇ ಎಂದು ಆಮೇಲೆ ಬಹಳ ಸಲ ಅನಿಸಿದೆ.

ಅಂದಿನಿಂದ ಮಲಗುವ ಹೊತ್ತಿಗೆ ಅವರು ಓಣಿಯನ್ನೆಲ್ಲ ಒಪ್ಪಿಸಿ ಮುಗಿಸಿ ಗೋಡೆಗೆ ಎರಡು ಸಲ ತಟ್ಟುತ್ತ ಬಂದರು. ನಾನು ಇತ್ತಲಿಂದ ಎತ್ತುತ್ತಿದ್ದೆ, ಅವರು ಅತ್ತಲಿಂದ ಸೇರುತ್ತಿದ್ದರು. ಹಾಡು ಮುಗಿದ ಮೇಲೆ ಮಾತಿಲ್ಲ, ಅತ್ತಲಿನ ದೀಪ ಆರುತ್ತಿತ್ತು. ಉಪ್ಪಿನ ಚಹಾ ನಿಂತಿತು. ಓಣಿಯಲ್ಲಿ ಯಾರೋ ನಮ್ಮ ಮನೆಯವರನ್ನು, "ಏನ್ರಿ, ಮನ್ಯಾಗ ಚರ್ಚಿನ ಹಾಡು ಕೇಳಸ್ತಾವ?" ಎಂದು ಕೇಳಿದರಂತೆ. ಇವರು, "ನಮ್ಮಾಕಿ ರಾತ್ರಿ ಡ್ಯೂಟಿಗೆ ಸೇರ್ಯಾಳ" ಎಂದು ಬಂದರು.

ಸಿಸ್ಟರ ನೆನಪು ಬಂದಾಗ ಎಲ್ಲಕ್ಕಿಂತ ಮೊದಲು ಬರುವುದು ಅವರು ಹೋಗುವುದಕ್ಕೆ ಹಿಂದಿನ ವರ್ಷದ ಒಂದು ಪ್ರಸಂಗ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಆಸ್ಪತ್ರೆಗೆ ಸೇರಿಸಿದೆವು, ಮರುದಿನ ಮುಂಜಾನೆ ಆಪರೇಷನ್ ಎಂದರು. ಹೆಂಗಸರ ವಾರ್ಡು, ರಾತ್ರಿ ಮನೆಯವರನ್ನು ಒಳಗೆ ಇರಗೊಡುತ್ತಿರಲಿಲ್ಲ. ನಾನು ಮನೆಗೆ ಬಂದು ಊಟಕ್ಕೆ ತಾಟು ಹಾಕುತ್ತಿರುವಾಗ ಅವರ ಫೋನು ಬಂತು. ದನಿ ಸಣ್ಣದಾಗಿತ್ತು.

"ಟೀಚರ್, ಇವತ್ತು ಒಪ್ಪಸಾಕ ಬರವಲ್ದ್ರಿ."

"ಯಾಕ್ರಿ?"

"ಓಣಿ ಮಂದೀದು ಎಲ್ಲಾ ಒಪ್ಪಿಸಿದೆ. ಆದ್ರ ಈಗ ಮಂಚದ ಮ್ಯಾಲ ನಾನಾ ಇದ್ದೇನಿ. ಮಂದೀನ ಒಪ್ಪಸೂದು ಸರಳ ಇತ್ತು. ನನ್ನ ನಾ ಹೆಂಗ ಕೈ ಬಿಡ್ಲಿ? ನಾಳಿಗಿ ಮತ್ತು ಕೊಡ್ತಾರ, ಎಚ್ಚರ ಆಗ್ತೈತೋ ಇಲ್ಲೋ. ಕಣ್ಣು ಮುಚ್ಚಾಕ ಧೈರ್ಯ ಸಾಲವಲ್ದು."

ಅವರು ಹೀಗೆ ಅಂದದ್ದನ್ನು ನಾನು ಕೇಳಿರಲಿಲ್ಲ. ದೇವರ ಮಾತು ಹೇಳಲು ನನಗೆ ಅವರ ದೇವರ ಮಾತು ಬಾರದು, ಬಂದರೂ ಅವರಿಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ.

"ಸಿಸ್ಟರ್, ಫೋನ್ ದಿಂಬಿನ ಮ್ಯಾಲ ಇಡ್ರಿ. ನಿಮ್ಮ ಮಂಚ ನಾ ಒಪ್ಪಸ್ತೇನಿ" ಎಂದೆ.

ಹೇಗೆ ಒಪ್ಪಿಸಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಕಿಟಕಿ ಕಡೆಯ ಮಂಚ, ಎಲುಬು ಮುರಿದಾಕಿ, ಭಾಳ ಮಂದಿಯನ್ನ ನೋಡಿಕೊಂಡಾಕಿ, ಅಂಜಿಕಿ ಐತಿ, ಈ ರಾತ್ರಿ ನೀನು ನೋಡಿಕೋಬೇಕಪ್ಪ, ಎಂದಷ್ಟು ಅಂದಿರಬೇಕು. ಯಾರಿಗೆ ಹೇಳುತ್ತಿದ್ದೇನೆ ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಆಮೇಲೆ ಹಾಡು ಎತ್ತಿದೆ. ಅತ್ತಲಿಂದ ಅವರು ಸೇರಿಕೊಂಡರು, ತೆಳುವಾಗಿ. ಎರಡನೆಯ ನುಡಿಯ ಹೊತ್ತಿಗೆ ಕೆಳಗಿನ ದನಿ ನಿಂತಿತು. ನನಗೆ ಗಾಬರಿಯಾಯಿತು; ಆದರೂ ಬಿಡದೆ ಮುಂದುವರಿಸಿದೆ. ಮುಗಿದರೂ ಅತ್ತಲಿಂದ ಸದ್ದಿಲ್ಲ. ಮತ್ತೆ ಮೊದಲಿನಿಂದ ಎತ್ತಿದೆ. ನಮ್ಮ ಮನೆಯವರು ಅನ್ನದ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಆಗ ಯಾರೋ ಫೋನು ತೆಗೆದುಕೊಂಡರು. ಎಳೆಯ ದನಿ, ಪಾಳಿಯ ನರ್ಸು.

"ಆಂಟಿ, ಅಜ್ಜಿ ಮಲಗ್ಯಾರ್ರಿ."

"ಖರೇನ? ಉಸರಾಡಾಕತ್ತಾರೇನ್ರಿ?"

"ಉಸರಾಡಾಕತ್ತಾರೇನ್ರಿ ಅಂತೀರಲ್ಲ, ಗೊರಕಿ ಹೊಡ್ಯಾಕತ್ತಾರ. ಫೋನ್ ಇಡಬ್ಯಾಡ್ರಿ. ಬಾಜು ಮಂಚದಾಗ ಹೆಬ್ಬಳ್ಳಿ ಅಮ್ಮ ಒಬ್ಬರು ಅದಾರ, ಅವರಿಗೂ ನಾಳೆ ಆಪರೇಷನ್. ವಚನ ಬರ್ತಾವೇನ್ರಿ ಅಂತ ಕೇಳಾಕತ್ತಾರ."

ವಚನ ಬರುತ್ತಿದ್ದವು. ಮುಖ ಕಾಣದ ಆ ಹೆಬ್ಬಳ್ಳಿಯ ತಾಯಿಗೆ ಒಂದು ಹಾಡಿದೆ, ಆಕೆ ಇನ್ನೊಂದು ಕೇಳಿದಳಂತೆ, ಅದನ್ನೂ ಹಾಡಿದೆ. ಅಲ್ಲಿ ಯಾರೂ ಡಬ್ಬಿ ಬಡಿಯಲಿಲ್ಲ. ಬೇಕಾದಷ್ಟು ಎಳೆದೆ, ಜಾರಿದೆ, ಸುತ್ತು ಹಾಕಿದೆ. ನಮ್ಮ ಅನ್ನ ಆರಿ ತಣ್ಣಗಾಯಿತು.

ಮರುದಿನ ಆಪರೇಷನ್ ಚೆನ್ನಾಗಿ ಆಯಿತು. ಸಂಜೆ ಒಳಗೆ ಬಿಟ್ಟಾಗ ಸಿಸ್ಟರ್ ದಿಂಬಿಗೆ ಒರಗಿಕೊಂಡಿದ್ದರು. ಮುಖ ಬಾಡಿತ್ತು, ಆದರೆ ಕಣ್ಣು ನಿಚ್ಚಳವಾಗಿತ್ತು. ಯಾರೋ ತೆಗೆದಿಟ್ಟಿದ್ದ ಗಡಿಯಾರವನ್ನು ಆಗಲೇ ಕೇಳಿ ಪಡೆದು ಕೈಯಲ್ಲಿ ಹಿಡಿದಿದ್ದರು. ಬಾಜು ಮಂಚದ ಅಮ್ಮ ಆಗಲೇ ನನ್ನ ಹಾಡಿನ ವರದಿ ಕೊಟ್ಟಿದ್ದಳೆಂದು ಕಾಣುತ್ತದೆ.

"ನಾ ಮಲಗಿದ ಮ್ಯಾಲ ಮನಸಿಗಿ ಬಂದಂಗ ಎಳದೀರಂತ" ಎಂದರು.

ನಾನು ಮಂಚದ ಅಂಚಿಗೆ ಕೂತು, ಅವರ ಕೈ ಹಿಡಿದು, ನನಗೆ ಎಣಿಸಲು ಬಾರದಿದ್ದರೂ ನಾಡಿಯ ಮೇಲೆ ಬೆರಳಿಟ್ಟೆ. ಅದು ತನ್ನ ಪಾಡಿಗೆ ಸಮವಾಗಿ ನಡೆದಿತ್ತು.

"ಅದಿರ್ಲಿ, ರಾತ್ರಿ ಮತ್ತ ಅಂಜಿಕಿ ಬಂತೇನ್ರಿ?" ಎಂದು ಕೇಳಿದೆ.

"ಬಂದಿದ್ರ ಬಂದಿರ್ಬೇಕ್ರಿ" ಎಂದರು ಸಿಸ್ಟರ್. "ನನಗೇನು ಗೊತ್ತು, ನಾ ಮಲಗಿದ್ದೆ."